ಸಮುದ್ರದ ಮೀನಿಗೆ ಕುರಿ ಗುಂಡಿಗೆ ಯಾಕೆ?

ಮಾನ್ಯ ಸಂಪಾದಕರೇ,

ಹೋದ ವಾರದ ನಿಮ್ಮ ಪುರವಣಿಯಲ್ಲಿ ಅಕ್ವೇರಿಯಂ ಬಗ್ಗೆ ಬಂದ ಬರಹ ಓದಿದೆ. ಫೋಟೊಗಳು ಚಲೋ ಇದ್ದವು. ಉಪ್ಪುನೀರಿನ ಮೀನು ಸಾಕೋದು ಬೆಂಗಳೂರಿನ ದೊಡ್ಡವರ ಶೋಕಿ ಅಂತ ಬರೆದು ಕೈತೊಳೆದುಕೊಳ್ಳುವವರೇ ಜಾಸ್ತಿ. ನೀವು ಕಲಬುರಗಿಯಲ್ಲೂ ಇಂಥ ಹುಚ್ಚು ಹತ್ತಿಸಿಕೊಂಡವರು ಇದ್ದಾರೆ ಅಂತ ಗುರುತಿಸಿದಿರಲ್ಲ, ಅದಕ್ಕೆ ಥ್ಯಾಂಕ್ಸ್. ಆದರೆ ಬರಹದ ಕೊನೆಗೆ ಒಂದು ಚೌಕದೊಳಗೆ ಮನೆಯಲ್ಲೇ ಮೀನಿನ ಊಟ ತಯಾರಿಸುವ ಬಗೆ ಕೊಟ್ಟಿದ್ದೀರಿ ನೋಡಿ, ನನ್ನ ತಕರಾರು ಅದಕ್ಕೆ. ಕುರಿ ಗುಂಡಿಗೆ, ಕೋಳಿ ಲಿವರ್, ಪಾಲಕ್, ಬೇಯಿಸಿದ ಮೊಟ್ಟೆಯ ಹಳದಿ, ಎಲ್ಲ ಸೇರಿಸಿ ರುಬ್ಬಿ ಫ್ರೀಜರ್‌ಗೆ ಹಾಕಿ ಅಂತ. ಇದು ಡಿಸ್ಕಸ್ ಸಾಕುವವರ ರೆಸಿಪಿಯ ಮೊಮ್ಮಗು. ಡಿಸ್ಕಸ್ ಅಮೆಜಾನ್ ನದಿಯದ್ದು, ಸಿಹಿನೀರಿನದು. ಅದಕ್ಕೆ ದನದ ಹೃದಯ ರುಬ್ಬಿ ಹಾಕೋದು ಹಳೆಯ ರೂಢಿ, ಅದು ಸರಿಯೋ ತಪ್ಪೋ ಅವರೇ ಜಗಳ ಆಡಿಕೊಳ್ಳಲಿ. ಉಪ್ಪುನೀರಿನ ಟ್ಯಾಂಕಿಗೆ ಮಾತ್ರ ಅದು ಬೇಡ. ಮುಂದಿನ ಸಂಚಿಕೆಯಲ್ಲಿ ಒಂದು ಸಾಲಿನ ತಿದ್ದುಪಡಿ ಹಾಕಿ ಸಾರ್, ಯಾಕಂದರೆ ಇಂಥ ಚೌಕಗಳನ್ನು ಮಂದಿ ಕತ್ತರಿಸಿ ಇಟ್ಟುಕೊಳ್ಳುತ್ತಾರೆ.

ಯಾಕೆ ಬೇಡ ಅಂತ ಹೇಳುತ್ತೇನೆ. ಕುರಿ, ಕೋಳಿ ಬಿಸಿರಕ್ತದ ಪ್ರಾಣಿಗಳು. ಅದರಲ್ಲೂ ಕುರಿಯ ಕೊಬ್ಬು ಅದರ ಮೈಶಾಖಕ್ಕೆ ಮೆತ್ತಗಿರುತ್ತದೆ, ಟ್ಯಾಂಕಿನ 26 ಡಿಗ್ರಿ ನೀರಿನಲ್ಲಿ ಗಟ್ಟಿಯಾಗುತ್ತದೆ. ಮಟನ್ ಸಾರು ಆರಿದ ಮೇಲೆ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಕೊಬ್ಬು. ಮೀನಿಗೆ ಅದನ್ನು ಸರಿಯಾಗಿ ಅರಗಿಸಿಕೊಳ್ಳಲು ಆಗುವುದಿಲ್ಲ, ಹೋಗಿ ಲಿವರ್‌ನಲ್ಲಿ ಕೂರುತ್ತದೆ. ಇದು ಒಂದು ಕಡೆ. ಇನ್ನೊಂದು ಕಡೆ, ಸಮುದ್ರದ ಮೀನಿಗೆ ಇಪಿಎ, ಡಿಎಚ್‌ಎ ಅನ್ನುವ ಒಮೆಗಾ-3 ಕೊಬ್ಬು ಬೇಕೇ ಬೇಕು. ಸಮುದ್ರದಲ್ಲಿ ಇದನ್ನು ತಯಾರಿಸುವುದು ಕಣ್ಣಿಗೆ ಕಾಣದ ಪಾಚಿ. ಪಾಚಿಯನ್ನು ಸಣ್ಣ ಹುಳು ತಿನ್ನುತ್ತದೆ, ಹುಳುವನ್ನು ಸೀಗಡಿ ತಿನ್ನುತ್ತದೆ, ಸೀಗಡಿಯನ್ನು ಮೀನು ತಿನ್ನುತ್ತದೆ, ಹಾಗೆ ಕೈಯಿಂದ ಕೈಗೆ ದಾಟುತ್ತಾ ಹೋಗುತ್ತದೆ. ಸಿಹಿನೀರಿನ ಎಷ್ಟೋ ಮೀನುಗಳು ಬೇರೆ ಕೊಬ್ಬಿನಿಂದ ಇದನ್ನು ತಮ್ಮ ಮೈಯಲ್ಲೇ ಸ್ವಲ್ಪ ಮಟ್ಟಿಗೆ ಮಾಡಿಕೊಳ್ಳಬಲ್ಲವು. ಸಮುದ್ರದ ಬಹುಪಾಲು ಮೀನುಗಳಿಗೆ ಆ ಕೆಲಸ ಸಾಕಷ್ಟು ಬರುವುದಿಲ್ಲ. ತಿನ್ನುವುದರಲ್ಲೇ ಸಿಗುತ್ತಿರುವಾಗ ಮಾಡಿಕೊಳ್ಳುವ ಗರಜು ಯಾಕೆ ಬಂದೀತು? ಕುರಿ ಗುಂಡಿಗೆಯಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಂದರೆ ಮೀನು ಹೊಟ್ಟೆ ತುಂಬಾ ತಿಂದು, ದುಂಡಗಾಗಿ, ಒಳಗೊಳಗೇ ಸೊರಗುತ್ತದೆ.

ಹಾಗಾದರೆ ಅಂಗಡಿಯ ಫ್ರೋಜನ್ ಪ್ಯಾಕೆಟ್ ತಂದರೆ ಆಯಿತಲ್ಲ ಅಂತ ಕೇಳಬಹುದು. ಕರಾವಳಿಯಲ್ಲೋ, ಬೆಂಗಳೂರಲ್ಲೋ ಇದ್ದರೆ ಸರಿ. ನಮಗೆ ಅದು ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಥರ್ಮಾಕೋಲ್ ಡಬ್ಬಿಯಲ್ಲಿ ಬಸ್ಸು ಹತ್ತಿ ಬರಬೇಕು. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ದಾಟುವ ಊರು ಇದು. ಡಬ್ಬಿಯೊಳಗಿನ ಐಸ್ ದಾರಿಯಲ್ಲೇ ನೀರಾಗುತ್ತದೆ, ಇಲ್ಲಿ ಇಳಿದ ಮೇಲೆ ಯಾರೋ ಅದನ್ನು ಮತ್ತೆ ಫ್ರೀಜರ್‌ಗೆ ತುರುಕುತ್ತಾರೆ. ಗಟ್ಟಿಯಾಗುತ್ತದೆ, ಮಾರಾಟವಾಗುತ್ತದೆ. ಅಂಗಡಿಯವನ ಮೇಲೆ ಸಿಟ್ಟು ಮಾಡಿಕೊಂಡು ಏನು ಪ್ರಯೋಜನ, ಅವನಿಗೂ ದುಡ್ಡು ಹೋಗಿರುತ್ತದೆ. ನೋಡಿ ತೆಗೆದುಕೊಳ್ಳುವ ಜವಾಬ್ದಾರಿ ನಮ್ಮದು.

ನೋಡುವುದು ಹೇಗೆ ಅಂದರೆ, ಪ್ಯಾಕೆಟ್ ತಿರುಗಿಸಿ ಬೆಳಕಿಗೆ ಹಿಡಿಯಿರಿ. ಪುಟ್ಟ ಪುಟ್ಟ ಗುಂಡಿಗಳಿರುವ ಪ್ಲಾಸ್ಟಿಕ್ ತಟ್ಟೆಯಾದರೆ ಪ್ರತಿ ತುಂಡೂ ತನ್ನ ಗುಂಡಿಯಲ್ಲಿ ಚೌಕವಾಗಿ, ಮೂಲೆ ಚೂಪಾಗಿ ಕೂತಿರಬೇಕು. ಒಂದು ಮಗ್ಗುಲಿಗೆ ಜಾರಿ ಗಟ್ಟಿಯಾಗಿದ್ದರೆ ಅದು ಒಮ್ಮೆ ಕರಗಿದೆ ಅಂತಲೇ ಅರ್ಥ. ಒಂದು ಮೂಲೆಯಲ್ಲಿ ಬರೀ ಕಂದು ಬಣ್ಣದ ಐಸ್, ಇನ್ನೊಂದು ಮೂಲೆಯಲ್ಲಿ ಮಾಂಸ ಅಂತ ಬೇರೆಬೇರೆಯಾಗಿದ್ದರೂ ಅದೇ ಕಥೆ. ಮೈಸಿಸ್ (ಸೀಗಡಿಯಂಥ ಪುಟ್ಟ ಜೀವಿ) ಪ್ಯಾಕೆಟ್ ಆದರೆ ಒಂದು ತುಂಡನ್ನು ಲೋಟದ ನೀರಿಗೆ ಹಾಕಿ. ಕಪ್ಪು ಕಣ್ಣು, ಬಾಲ ಎಲ್ಲ ಇರುವ ಇಡೀ ಇಡೀ ಮೈಸಿಸ್ ಬಿಡಿಸಿಕೊಂಡು ತೇಲಬೇಕು. ಬೂದು ಗಂಜಿ ಆಯಿತೋ, ಸುಮ್ನೆ ಚೆಲ್ಲಿಬಿಡಿ.

ಅದಕ್ಕೇ ನಾನು ಹೇಳೋದು, ಸಮುದ್ರದ ಮೀನಿಗೆ ಸಮುದ್ರದ್ದನ್ನೇ ತಿನ್ನಿಸಬೇಕು, ಮತ್ತು ಅದನ್ನು ಕಲಬುರಗಿಯ ಅಡುಗೆಮನೆಯಲ್ಲೂ ಮಾಡಬಹುದು. ಬೇಕಾದ್ದೆಲ್ಲ ನಮ್ಮ ಮೀನು ಮಾರ್ಕೆಟ್ಟಿನಲ್ಲಿ ಅಥವಾ ದೊಡ್ಡ ಅಂಗಡಿಗಳ ಫ್ರೀಜರ್‌ನಲ್ಲಿ ಒಂದಲ್ಲ ಒಂದು ದಿನ ಸಿಗುತ್ತದೆ. ನಾನು ಮಾಡುವ ಅಂದಾಜು ಹೀಗೆ: ಸುಲಿದ ಸೀಗಡಿ 300 ಗ್ರಾಂ, ಸ್ಕ್ವಿಡ್ (ಕರಾವಳಿಯವರು ಬೊಂಡಾಸ ಅನ್ನುತ್ತಾರೆ) 200 ಗ್ರಾಂ, ಕಾಣೆ ಅಥವಾ ಅಂಥದ್ದೇ ಬಿಳಿ ಮಾಂಸದ ಸಮುದ್ರ ಮೀನು 200 ಗ್ರಾಂ, ಚಿಪ್ಪುಮೀನು ಸಿಕ್ಕರೆ 100 ಗ್ರಾಂ. ಮೀನಿನ ಮೊಟ್ಟೆ ಸಿಕ್ಕಿತೆಂದರೆ ಬಿಡಬೇಡಿ, ಒಳ್ಳೆಯ ಕೊಬ್ಬೆಲ್ಲ ಅದರಲ್ಲೇ ಇರುತ್ತದೆ. ಜಪಾನಿನವರ ಸುಶಿಗೆ ಸುತ್ತುವ ನೋರಿ, ಅಂದರೆ ಒಣಗಿಸಿದ ಸಮುದ್ರ ಪಾಚಿಯ ಹಾಳೆ ಎರಡೋ ಮೂರೋ, ಉಪ್ಪು ಎಣ್ಣೆ ಮಸಾಲೆ ಏನೂ ಸವರಿರಬಾರದು. ಒಂದು ಚಮಚ ಸ್ಪಿರುಲಿನಾ ಪುಡಿ. ಮೀನೆಣ್ಣೆ ಕ್ಯಾಪ್ಸೂಲ್ ಒಂದೆರಡು ಚುಚ್ಚಿ ಹಿಂಡಿದರೆ ಸಾಕು, ಜಾಸ್ತಿ ಆದರೆ ಟ್ಯಾಂಕಿನ ಮೇಲೆ ಎಣ್ಣೆ ಪೊರೆ ಕಟ್ಟುತ್ತದೆ.

ಸೀಗಡಿ ಕೊಳ್ಳುವಾಗ ಎರಡು ವಿಷಯ. ಸುಲಿದು ಪ್ಯಾಕ್ ಮಾಡಿದ್ದಾದರೆ ಹಿಂದೆ ಬರೆದಿರೋದನ್ನು ಓದಿ. ಸೋಡಿಯಂ ಟ್ರೈಪಾಲಿಫಾಸ್ಫೇಟ್ ಅಂತಲೋ, ಐಎನ್‌ಎಸ್ 451 ಅಂತಲೋ ಇದ್ದರೆ ವಾಪಸ್ ಇಟ್ಟುಬಿಡಿ. ಸೀಗಡಿ ನೀರು ಹಿಡಿದುಕೊಂಡು ತೂಕ ಬರಲಿ, ಮೆತ್ತಗಿರಲಿ ಅಂತ ಹಾಕುವ ಫಾಸ್ಫೇಟ್ ಅದು. ನಾವು ತಿಂದರೆ ನಡೆಯುತ್ತದೆ, ಟ್ಯಾಂಕಿನಲ್ಲಿ ಮಾತ್ರ ಪಾಚಿಗೆ ಗೊಬ್ಬರ ಹಾಕಿದ ಹಾಗೆ. ಇಡೀ ಸೀಗಡಿ ತಂದರೆ ತಲೆ ತೆಗೆದುಬಿಡಿ, ಮೊದಲು ಕೆಡೋದೇ ತಲೆ. ಸಿಪ್ಪೆ ಒಂದಿಷ್ಟು ನುಣ್ಣಗೆ ರುಬ್ಬಿ ಸೇರಿಸಬಹುದು. ಅದರಲ್ಲಿರುವ ಆಸ್ಟಾಜಾಂಥಿನ್ ಮೀನಿನ ಕೆಂಪು, ಕಿತ್ತಳೆ ಬಣ್ಣಕ್ಕೆ ಬೇಕು. ಮೀನು ಈ ಬಣ್ಣವನ್ನು ತಾನಾಗಿ ತಯಾರಿಸಲಾರದು, ತಿಂದೇ ಪಡೆಯಬೇಕು. ಅಂಗಡಿಯಲ್ಲಿ ಕೆಂಪಗೆ ಇದ್ದ ಕ್ಲೌನ್ ಮೀನು ಮನೆಗೆ ಬಂದ ಮೇಲೆ ಮಾಸಿತು ಅನ್ನುವವರು ಮೊದಲು ಊಟ ನೋಡಿಕೊಳ್ಳಲಿ.

ಇನ್ನು ಫಾರ್ಮಲಿನ್, ಅಂದರೆ ಹೆಣ ಕೆಡದಂತೆ ಇಡಲು ಬಳಸುವ ರಾಸಾಯನಿಕ, ಮೀನಿಗೂ ಕದ್ದು ಹಾಕುತ್ತಾರೆ. ಸಮುದ್ರದಿಂದ ದೂರದ ಊರಿನವರು ಇದನ್ನು ಮರೆಯಬಾರದು. 2018ರಲ್ಲಿ ಕೇರಳದಲ್ಲಿ ಆಪರೇಷನ್ ಸಾಗರ್ ರಾಣಿ ಅಂತ ತಪಾಸಣೆ ಮಾಡಿದಾಗ ಫಾರ್ಮಲಿನ್ ಹಾಕಿದ ಮೀನು ಸಾವಿರಾರು ಕಿಲೋ ಸಿಕ್ಕಿತ್ತು, ನಿಮ್ಮ ಪತ್ರಿಕೆಗಳಲ್ಲೂ ಬಂದಿತ್ತು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಇದನ್ನು ಪತ್ತೆ ಮಾಡಲು ಕಾಗದದ ಪಟ್ಟಿಯ ಕಿಟ್ ಮಾಡಿದೆ. ಮೀನಿನ ಮೇಲೆ ಉಜ್ಜಿ, ಒಂದು ಹನಿ ದ್ರಾವಣ ಹಾಕಿದರೆ ಬಣ್ಣದಲ್ಲಿ ಗೊತ್ತಾಗುತ್ತದೆ. ಇಂಥ ಕಿಟ್ ನಮ್ಮ ಊರಿನ ಮಾರ್ಕೆಟ್ಟಿನಲ್ಲಿ ಯಾರಾದರೂ ವಾರಕ್ಕೊಮ್ಮೆಯಾದರೂ ಬಳಸಿದರೆ ಅಕ್ವೇರಿಯಂ ಮೀನಿಗಿಂತ ಮೊದಲು ಮನುಷ್ಯರಿಗೆ ಒಳ್ಳೆಯದಲ್ವಾ? ಅಲ್ಲಿವರೆಗೆ ಮೂಗೇ ಕಿಟ್. ಮೀನಿಗೆ ಮೀನಿನ ವಾಸನೆ ಇರಬೇಕು. ಆಸ್ಪತ್ರೆ ವಾಸನೆಯೋ, ಏನೂ ವಾಸನೆ ಇಲ್ಲದ ರಬ್ಬರ್‌ನಂಥ ಮೈಯೋ ಕಂಡರೆ ಮುಟ್ಟಬೇಡಿ.

ಹತ್ತಿರದಲ್ಲೇ ಭೀಮಾ ನದಿಯ ಮೀನು ತಾಜಾ ಸಿಗುವಾಗ ಇಷ್ಟೆಲ್ಲ ಯಾಕೆ ಅಂತ ಒಬ್ಬ ಗೆಳೆಯರು ಕೇಳಿದರು. ಒಮೆಗಾ-3 ವಿಷಯ ಮೇಲೆ ಹೇಳಿದೆ. ಇನ್ನೊಂದು ದೊಡ್ಡ ಕಾರಣ ಇದೆ. ಸಾಮಾನ್ಯ ಗೆಂಡೆಯಂಥ ಸಿಹಿನೀರಿನ ಕೆಲವು ಮೀನುಗಳಲ್ಲಿ, ಸಮುದ್ರದ ಹೆರಿಂಗ್, ಕೊಲ್ಲತರು ಜಾತಿಯ ಹಲವು ಮೀನುಗಳಲ್ಲಿ, ಕೆಲವು ಚಿಪ್ಪುಮೀನುಗಳಲ್ಲಿ ಥಯಮಿನೇಸ್ ಅನ್ನುವ ಕಿಣ್ವ ಇರುತ್ತದೆ. ಅದು ಬಿ1 ವಿಟಮಿನ್ ಅನ್ನು ಮುರಿದು ಹಾಕುತ್ತದೆ. 1930ರ ದಶಕದಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ತುಪ್ಪಳಕ್ಕಾಗಿ ನರಿ ಸಾಕುತ್ತಿದ್ದ ಒಂದು ಫಾರ್ಮಿನಲ್ಲಿ ಹಸಿ ಗೆಂಡೆ ಮೀನು ತಿನ್ನಿಸಿದ ನರಿಗಳು ಕಾಲಿನ ಸ್ವಾಧೀನ ತಪ್ಪಿ ಸತ್ತವು. ಆ ಫಾರ್ಮಿನ ಮಾಲೀಕನ ಹೆಸರಲ್ಲೇ ಆ ರೋಗವನ್ನು ಚಾಸ್ಟೆಕ್ ಪಾರ್ಶ್ವವಾಯು ಅಂತ ಕರೆದರು. ಆಮೇಲೆ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಈ ಕಿಣ್ವ. ಲಯನ್ ಫಿಶ್‌ಗೆ ದಿನಾ ಗೋಲ್ಡ್ ಫಿಶ್ ತಿನ್ನಿಸಿ ಮೆರೆಯುವವರು ಇದನ್ನು ಓದಬೇಕು, ಗೋಲ್ಡ್ ಫಿಶ್ ಕೂಡ ಅದೇ ಗೆಂಡೆ ಕುಟುಂಬದ್ದು.

ಮುಖ್ಯ ಮಾತು ಏನಂದರೆ, ಫ್ರೀಜರ್‌ನಲ್ಲಿಟ್ಟರೂ ಈ ಕಿಣ್ವ ಸಾಯುವುದಿಲ್ಲ. ಬೇಯಿಸಿದರೆ ಮಾತ್ರ ಸಾಯುತ್ತದೆ. ಹಾಗಾಗಿ ಚಿಪ್ಪುಮೀನನ್ನು ನಾನು ಕುದಿಯುವ ನೀರಿನಲ್ಲಿ ಚೆನ್ನಾಗಿ ಬೇಯಿಸಿಯೇ ಹಾಕುತ್ತೇನೆ. ಉಳಿದದ್ದು ಹಸಿ. ಒಂದೇ ಜಾತಿಯ ಮಾಂಸದ ಮೇಲೆ ನಿಲ್ಲದೆ ನಾಲ್ಕೈದು ಬೆರೆಸೋದಕ್ಕೂ ಇದೇ ಕಾರಣ. ವಿಟಮಿನ್ ಹನಿ ಹಾಕುವವರು ರುಬ್ಬುವಾಗ ಹಾಕಿ ತಿಂಗಳುಗಟ್ಟಲೆ ಇಡಬೇಡಿ, ತಿನ್ನಿಸುವ ದಿನ ಕರಗಿಸಿದ ತುಂಡಿನ ಮೇಲೆ ಹಾಕಿ. ಬಿ1, ಸಿ ಎರಡೂ ಇಟ್ಟಷ್ಟೂ ಕರಗಿಹೋಗುವಂಥವು.

ರುಬ್ಬುವ ಬಗ್ಗೆ. ದಯವಿಟ್ಟು ಪೇಸ್ಟ್ ಮಾಡಬೇಡಿ. ಪೇಸ್ಟ್ ಆದರೆ ಟ್ಯಾಂಕಿಗೆ ಹಾಕಿದ ಕೂಡಲೇ ಮೋಡ ಎದ್ದು, ಮೀನಿನ ಬಾಯಿಗೆ ಏನೂ ಸಿಗದೆ, ಎಲ್ಲ ಫಿಲ್ಟರ್‌ಗೆ ಹೋಗುತ್ತದೆ. ಸೀಗಡಿ, ಸ್ಕ್ವಿಡ್ ಎಲ್ಲವನ್ನೂ ಅರ್ಧ ಗಟ್ಟಿಯಾಗುವವರೆಗೆ ಫ್ರೀಜರ್‌ನಲ್ಲಿಟ್ಟು, ಆಮೇಲೆ ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ಒತ್ತಿ ತಿರುಗಿಸಿ. ಗಟ್ಟಿ ಇದ್ದಾಗ ಕತ್ತರಿಸಿದ ಹಾಗೆ ತುಂಡಾಗುತ್ತದೆ, ಮೆತ್ತಗಿದ್ದಾಗ ಅಂಟಂಟಾಗಿ ಅರೆಯುತ್ತದೆ. ಕ್ಲೌನ್, ಡ್ಯಾಮ್ಸೆಲ್ ಥರದ ಸಣ್ಣ ಬಾಯಿಗೆ ಸಾಸಿವೆ ಕಾಳಿನಷ್ಟು, ದೊಡ್ಡ ಮೀನಿಗೆ ತೊಗರಿ ಬೇಳೆಯಷ್ಟು. ಸ್ಕ್ವಿಡ್ ಒಳಗಿನ ಪಾರದರ್ಶಕ ಕಡ್ಡಿ, ಮಸಿ ಚೀಲ ತೆಗೆದಿರಬೇಕು, ಮಸಿ ಚೀಲ ಒಡೆದರೆ ಅಡುಗೆಮನೆಯಲ್ಲಿ ಆಗುವ ಮಾತುಕತೆ ಬೇರೆ. ಮಿಕ್ಸಿ ಜಾರ್ ಬೇರೆಯೇ ಇಡಿ. ಚಟ್ನಿ ಜಾರಿಗೆ ಸೀಗಡಿ ಹಾಕಿ ಮನೆಯ ಶಾಂತಿ ಕೆಡಿಸಿಕೊಳ್ಳಬೇಡಿ. ಮಾಂಸ ತಿನ್ನದ ಮನೆಗಳಲ್ಲಿ ಹವ್ಯಾಸ ನಿಂತುಹೋಗೋದು ನೀರಿನಿಂದಲೂ ಅಲ್ಲ, ಲೈಟಿನಿಂದಲೂ ಅಲ್ಲ, ಈ ಜಾರಿನಿಂದ.

ಎಲ್ಲವನ್ನೂ ಹಿಡಿದಿಡಲು ಕೆಲವರು ಜೆಲಾಟಿನ್ ಹಾಕುತ್ತಾರೆ. ಅದು ಮೂಳೆ, ಚರ್ಮದಿಂದ ಮಾಡಿದ್ದು, ಅದು ಅವರವರ ಇಷ್ಟ. ಆದರೆ ಅದರ ಗಟ್ಟಿ 30 ಡಿಗ್ರಿ ದಾಟಿದ ಮೇಲೆ ಸಡಿಲವಾಗುತ್ತದೆ, ನಮ್ಮ ಬೇಸಿಗೆಯಲ್ಲಿ ನೀರು ತಣ್ಣಗಿಡುವ ಚಿಲ್ಲರ್ ಇಲ್ಲದ ಟ್ಯಾಂಕಿನಲ್ಲಿ ನಿಲ್ಲುವುದು ಕಷ್ಟ. ನನಗೆ ಕಿರಾಣಿ ಅಂಗಡಿಯ ಚೈನಾ ಗ್ರಾಸ್ ಚಲೋ. ಅದೂ ಸಮುದ್ರದ ಪಾಚಿಯೇ. ತಮಿಳುನಾಡಿನ ರಾಮನಾಥಪುರಂ ಕಡಲಲ್ಲಿ ಹೆಂಗಸರು ಮುಳುಗಿ ಕಿತ್ತು ತರುವ ಪಾಚಿಯಿಂದಲೂ ಅದನ್ನು ಮಾಡುತ್ತಾರೆ. ಸುಮಾರು 8 ಗ್ರಾಂ ಅನ್ನು 200 ಮಿಲಿ ನೀರಿನಲ್ಲಿ ಪೂರ್ತಿ ಕರಗುವವರೆಗೆ ಕುದಿಸಿ, 60 ಡಿಗ್ರಿ ಆಸುಪಾಸಿಗೆ ಇಳಿಸಿ, ಕತ್ತರಿಸಿದ ಮಾಂಸಕ್ಕೆ ಸುರಿದು ಬೇಗ ಬೇಗ ಕಲಸಬೇಕು. ಮಾಂಸ ಐಸ್‌ನಂತೆ ತಣ್ಣಗಿದ್ದರೆ ಚೈನಾ ಗ್ರಾಸ್ ಅಲ್ಲಲ್ಲೇ ಗಂಟು ಕಟ್ಟುತ್ತದೆ, ಅದಕ್ಕೆ ಮಾಂಸದ ಚಳಿ ಬಿಡಲಿ ಅಂತ ಸ್ವಲ್ಪ ಹೊತ್ತು ಹೊರಗಿಡಿ, ನಮ್ಮ ಊರಲ್ಲಿ ಅದಕ್ಕೆ ಭಾಳ ಕಾಯಬೇಕಿಲ್ಲ. ಬೇಡ ಅನ್ನಿಸಿದರೆ ಅಂಟೇ ಹಾಕದೆಯೂ ಮಾಡಬಹುದು, ಸ್ಕ್ವಿಡ್ ತಾನೇ ಒಂದಿಷ್ಟು ಹಿಡಿದುಕೊಳ್ಳುತ್ತದೆ.

ಬೆಳ್ಳುಳ್ಳಿ ಹಾಕಬೇಕೋ ಅಂತ ಕೇಳುವವರು ಬಹಳ. ಒಂದು ಎಸಳು ಹಾಕಿದರೆ ಕೆಲವು ಮೀನು ಆಸೆಯಿಂದ ಬರುತ್ತವೆ, ಅಷ್ಟೇ. ಬಿಳಿ ಚುಕ್ಕೆ ರೋಗ ವಾಸಿಯಾಗುತ್ತದೆ ಅನ್ನೋದನ್ನು ನಾನು ನಂಬುವುದಿಲ್ಲ. ಅದು ಕ್ರಿಪ್ಟೊಕ್ಯಾರಿಯಾನ್ ಅನ್ನುವ ಪರೋಪಜೀವಿ, ಒಗ್ಗರಣೆಗೆ ಹೆದರಿ ಓಡುವಂಥದ್ದಲ್ಲ.

ಪಾಲಕ್ ವಿಷಯಕ್ಕೆ ಬರೋಣ. ಸರ್ಜನ್ ಮೀನುಗಳು, ಅಂದರೆ ಬಾಲದ ಬುಡದಲ್ಲಿ ಚೂಪಾದ ಮುಳ್ಳಿರುವ ಪೌಡರ್ ಬ್ಲೂ ಥರದವು, ದಿನವಿಡೀ ಬಂಡೆ ಮೇಲಿನ ಪಾಚಿ ಮೇಯುವ ಜಾತಿ. ಅವಕ್ಕೆ ಬೇಕಾದ್ದು ಸಮುದ್ರದ ಪಾಚಿ. ಪಾಲಕ್ ಆಗಲಿ, ಪುಂಡಿಪಲ್ಯ ಆಗಲಿ, ನಮ್ಮ ರೊಟ್ಟಿ ಜೊತೆಗೆ ಇರಲಿ. ಇಂಥ ಮೀನು ಇದ್ದವರು ನೋರಿ ಪಾಲು ಹೆಚ್ಚಿಸಿ ಬೇರೆ ಒಂದು ಚೀಲ ಮಾಡಿಕೊಳ್ಳಿ. ಜೊತೆಗೆ ಒಂದು ತುಂಡು ನೋರಿಯನ್ನು ಕ್ಲಿಪ್ಪಿಗೆ ಸಿಕ್ಕಿಸಿ ಗಾಜಿಗೆ ಅಂಟಿಸಿ, ಅದನ್ನು ಅವು ಹರಿದು ತಿನ್ನೋದು ನೋಡೋಕೂ ಚಂದ.

ಇಡುವ ಕ್ರಮದಲ್ಲೇ ಅರ್ಧ ಗುಣ ಇದೆ. ಜಿಪ್ ಚೀಲಕ್ಕೆ ಹಾಕಿ, ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಒತ್ತಿ, ಗಾಳಿಯನ್ನೆಲ್ಲ ಹೊರಗೆ ಹಾಕಿ, ಚಾಕುವಿನ ಬೆನ್ನಿನಿಂದ ಚೌಕ ಗೆರೆ ಹಾಕಿ, ಫ್ರೀಜರ್‌ನ ತಳಕ್ಕೆ ಚಪ್ಪಟೆಯಾಗಿ ಮಲಗಿಸಿ. ತೆಳ್ಳಗಿದ್ದರೆ ಬೇಗ ಗಟ್ಟಿಯಾಗುತ್ತದೆ, ಬೇಗ ಗಟ್ಟಿಯಾದರೆ ಐಸ್ ಹರಳು ಸಣ್ಣದಾಗುತ್ತವೆ, ಮಾಂಸ ಹರಿಯುವುದಿಲ್ಲ, ಕರಗಿಸಿದಾಗ ರಸ ಸೋರುವುದು ಕಡಿಮೆ. ಗಾಳಿ ಉಳಿದರೆ ಆ ಒಳ್ಳೆಯ ಕೊಬ್ಬೇ ಮೊದಲು ಕಮಟು ಹಿಡಿಯುತ್ತದೆ. ಮೈನಸ್ 18 ಡಿಗ್ರಿಯಲ್ಲೂ ಮೂರು ತಿಂಗಳಿಗಿಂತ ಜಾಸ್ತಿ ಇಡಬೇಡಿ.

ಕರೆಂಟ್ ಹೋಗುವ ಊರಿನವರಿಗೆ ಒಂದು ಉಪಾಯ. ಸಣ್ಣ ಬಟ್ಟಲಲ್ಲಿ ನೀರು ಗಟ್ಟಿ ಮಾಡಿ, ಅದರ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಫ್ರೀಜರ್‌ನಲ್ಲೇ ಬಿಡಿ. ನೀವು ಊರಿಗೆ ಹೋಗಿ ಬಂದಾಗ ನಾಣ್ಯ ಮೇಲೇ ಇದ್ದರೆ ಸರಿ. ತಳಕ್ಕಿಳಿದು ಐಸ್ ಒಳಗೆ ಹೂತಿದ್ದರೆ ಎಲ್ಲ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿದೆ, ಚೀಲ ಹೊರಗೆ ಹಾಕಿ. ಒಂದೆರಡು ತಾಸಿನ ಕಟ್‌ಗೆ ಏನೂ ಆಗುವುದಿಲ್ಲ, ಬಾಗಿಲು ತೆಗೆತೆಗೆದು ನೋಡದಿದ್ದರೆ ಸಾಕು.

ಟ್ಯಾಂಕಿನಲ್ಲಿ ಮೀನಿನ ಜೊತೆ ಕ್ಲೀನರ್ ಸೀಗಡಿಯಂಥ ಜೀವಂತ ಸೀಗಡಿ ಸಾಕುವವರಿಗೆ ಎಚ್ಚರಿಕೆ. ಸಾಕಣೆ ಸೀಗಡಿಗೆ ಬರುವ ವೈಟ್ ಸ್ಪಾಟ್ ವೈರಸ್ ಫ್ರೀಜರ್‌ನಲ್ಲಿ ಸಾಯುವುದಿಲ್ಲ. ಮೀನಿಗೆ ಏನೂ ಮಾಡದು, ಸೀಗಡಿಗೆ ಮಾಡುತ್ತದೆ. ಅಂಥವರು ಸೀಗಡಿಯನ್ನೂ ಬೇಯಿಸಿಬಿಡಿ. ಹಾಗೇ, ಅಲಂಕಾರಕ್ಕೆ ಹವಳ ತರಿಸಿಕೊಡುತ್ತೇವೆ, ಕಡಲಕುದುರೆ ಕೊಡಿಸುತ್ತೇವೆ ಅನ್ನುವವರ ಮಾತಿಗೆ ಬಲಿಯಾಗಬೇಡಿ, ಎರಡಕ್ಕೂ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ.

ತಿನ್ನಿಸುವಾಗ ಒಂದು ಚೌಕ ಮುರಿದು, ಲೋಟದಲ್ಲಿ ಟ್ಯಾಂಕಿನ ನೀರು ಹಾಕಿ ಕರಗಿಸಿ, ಟೀ ಸೋಸುವ ಜಾಲರಿಯಲ್ಲಿ ಸೋಸಿ, ರಸ ಚೆಲ್ಲಿ, ತುಂಡು ಮಾತ್ರ ಹಾಕಿ. ಎರಡು ಮೂರು ನಿಮಿಷದಲ್ಲಿ ಖಾಲಿಯಾಗುವಷ್ಟೇ. ಉಳಿದದ್ದು ಕೊಳೆತರೆ ಅಮೋನಿಯಾ. ಸಿಹಿನೀರಿನ ಟ್ಯಾಂಕಿಗಿಂತ ನಮ್ಮಲ್ಲಿ ಅದು ಜಾಸ್ತಿ ಕಾಟ ಕೊಡುತ್ತದೆ, ಯಾಕಂದರೆ ಸಮುದ್ರದ ನೀರಿನ ಪಿಎಚ್ 8ರ ಮೇಲೆ ಇರುತ್ತದೆ, ಪಿಎಚ್ ಏರಿದಷ್ಟೂ ಅಮೋನಿಯಾದಲ್ಲಿ ವಿಷದ ಪಾಲು ಏರುತ್ತದೆ. ಬೇಸಿಗೆಯಲ್ಲಂತೂ ಬಿಸಿ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ, ಉಪ್ಪು ನೀರಿನಲ್ಲಿ ಇನ್ನೂ ಕಡಿಮೆ. ಏಪ್ರಿಲ್, ಮೇನಲ್ಲಿ ಕೈ ಬಿಗಿ ಹಿಡಿಯಿರಿ.

ದಿನಾ ಇದನ್ನೇ ಹಾಕಬೇಕು ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ಪೆಲೆಟ್ (ಒಣ ಆಹಾರದ ಗುಳಿಗೆ) ದಿನದ ಊಟ, ಇದು ವಾರದಲ್ಲಿ ಎರಡು ಮೂರು ಸಲ. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರೇ ಅಲಂಕಾರಿಕ ಮೀನಿಗೆ ಕಡಲ್‌ಮೀನ್ ವರ್ಣ ಅಂತ ಒಂದು ಆಹಾರ ತಯಾರಿಸಿದ್ದಾರೆ, ಒಣ ಆಹಾರಕ್ಕೆ ಕರಗುವ ಚಿಂತೆ ಇಲ್ಲ, ಬಸ್ಸಿನಲ್ಲೂ ಬರಬಹುದು.

ಮಾಡಿಡೋ ಮನಸ್ಸಿದ್ದವರು ಮೇ ಮುಗಿಯುವ ಮುಂಚೆ ಮಾಡಿಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ನಿಷೇಧ. ಆಂಧ್ರದ ಕೆರೆಗಳ ಸೀಗಡಿ ಆಗಲೂ ಸಿಗುತ್ತದೆ, ಸ್ಕ್ವಿಡ್ ಮತ್ತು ಕಾಣೆ ಸಿಗೋದು ಕಷ್ಟ, ಸಿಕ್ಕರೂ ಎಷ್ಟು ದಿನದ್ದು ಅಂತ ಹೇಳೋರಿಲ್ಲ.

ಇತಿ,
ನಿಮ್ಮ ಓದುಗ,
ಬ್ರಹ್ಮಪುರ, ಕಲಬುರಗಿ